ಮಣ್ಣಿಗೆ ಹೆಪ್ಪು

"ಕೈ ತೆಗೀಬ್ಯಾಡ! ಈಗ ತೆಗದಿ ಅಂದ್ರ ಹರೀತದ ಅದು."

ನಾನು ಬೋರಲು ಮಲಗಿದ್ದೆ. ಬಲಗೈ ಮೊಣಕೈವರೆಗೆ ಬದನೆ ಗಿಡದ ಬುಡದೊಳಗಿತ್ತು. ಗಲ್ಲ ಮಣ್ಣಿಗೆ ಒತ್ತಿಕೊಂಡಿತ್ತು. ಬೆನ್ನ ಮೇಲೆ ನಲವತ್ತಮೂರು ಡಿಗ್ರಿ ಬಿಸಿಲು. ಬೆರಳ ತುದಿಗಳಿಗೆ ಮಾತ್ರ ಮಣ್ಣಿನ ಗಡಿಗೆಯ ತಳದ ತಂಪು.

"ಹುಲಿಗಿ, ಇರಿವಿ ಕಡೀಲಿಕ್ಕತ್ತಾವ."

"ಕಡೀಲಿ. ಅವೂ ಇದೇ ಊರಿನವು. ಬಂದೋರ ಗುರುತು ಹಿಡೀಬೇಕಲ್ಲ."

ಕೂದಲಿಗಿಂತ ತೆಳುವಾದ ಎಳೆಗಳು ಬೆರಳುಗಳಿಗೆ ಸುತ್ತಿಕೊಳ್ಳುತ್ತಿದ್ದವು. ಅವಸರವಿಲ್ಲ. ಹೊಸಬಳ ಮಡಿಲಿಗೆ ಹೋಗಲೋ ಬೇಡವೋ ಎಂದು ಯೋಚಿಸುವ ಕೂಸಿನ ಹಾಗೆ. ಹುಲಿಗಿ ನನ್ನ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಮಣ್ಣನ್ನೇ ನೋಡುತ್ತಿದ್ದಳು.

"ಈಗ ಮೆತ್ತಗ ತಿರುವು. ಮುದ್ದಿ ತಿರುವಿದಂಗ. ಹಾಂ. ಈಗ ಎತ್ತು."

ಕೈ ಮೇಲೆ ಬಂತು. ಅಂಗೈಯಲ್ಲಿ ಬೂದು ಬಣ್ಣದ ಒಂದು ಮುದ್ದೆ, ಕೆನೆಯಷ್ಟು ಮೆತ್ತಗೆ, ನೀರು ಕುಡಿದ ಸ್ಪಂಜಿನಷ್ಟು ಭಾರ. ಹುಲಿಗಿ ಅದನ್ನು ತೆಂಗಿನ ಪರಟಿಯೊಂದಕ್ಕೆ ಇಳಿಸಿ, ಮೇಲೆ ಒಂದು ಹಿಡಿ ಅದೇ ಮಣ್ಣು ಹಾಕಿ, ಹಸಿ ಬಟ್ಟೆ ಮುಚ್ಚಿದಳು. ನಾಲ್ಕು ವರ್ಷದಿಂದ ನಾನು ಕುದಿಸಿ ತೊಳೆದ ಉಕ್ಕಿನ ಕೊಳವೆಯಲ್ಲಿ ಇದರ ಮಾದರಿ ತೆಗೆಯುತ್ತಿದ್ದೆ. ಪ್ರತಿ ಸಲವೂ ಅದು ದಾರಿಯಲ್ಲೇ ಸಾಯುತ್ತಿತ್ತು. ಇವತ್ತು ಪರಟಿಯೊಳಗೆ ಅದು ಉಸಿರಾಡುವ ಹಾಗೆ ಉಬ್ಬಿ ಇಳಿಯಿತು.

ಕಿವಿಯ ಯಂತ್ರದಲ್ಲಿ ತಿಪ್ಪೇಸ್ವಾಮಿಯವರ ದನಿ ಬಂತು. ಎಂಬತ್ತು ಕಿಲೋಮೀಟರು ಆಚೆಯ ಬೆಟ್ಟದ ಮೇಲೆ, ನಮ್ಮ ಸಂಶೋಧನಾ ಕೇಂದ್ರದ ನಿಯಂತ್ರಣ ಕೋಣೆಯಲ್ಲಿ, ನಿವೃತ್ತಿಗೆ ಐದು ತಿಂಗಳು ಬಾಕಿಯಿರುವ ಮನುಷ್ಯ.

"ಮೇಡಂ, ಹನ್ನೊಂದು ನಲವತ್ತು. ಕಾರಣ ಸಿಕ್ತಾ ಅಂತ ನಾವಡ ಸರ್ ಕೇಳ್ತಾವ್ರೆ."

"ಇಲ್ಲ ಅಂತ ಹೇಳಿ."

"ಇಲ್ಲ ಅಂತ ಮೂರು ಸಲ ಹೇಳಾಯ್ತು. ನಾಲ್ಕನೇ ಸಲಕ್ಕೆ ಬೇರೆ ಏನಾದ್ರೂ ಕೊಡಿ."

"ಯಾರಲೇ ಅದು, ನಿನ್ನ ಕಿವ್ಯಾಗ?" ಎಂದಳು ಹುಲಿಗಿ.

"ಕೇಂದ್ರದವರು. ನಿನ್ನ ತೋಟದ ಆರೋಗ್ಯ ಕೇಳ್ಲಿಕ್ಕತ್ತಾರ."

ಅದು ಪೂರ್ತಿ ಸುಳ್ಳಲ್ಲ. ನಾನು ಎದ್ದು ಮೈ ಕೊಡವಿಕೊಂಡು ಸುತ್ತ ನೋಡಿದೆ. ಆರು ವರ್ಷದಿಂದ ನೆಟ್ಟಗೆ ಮಳೆ ಕಾಣದ ಊರು ಬಿಳೇಕಲ್ಲು. ಕುಡಿಯುವ ನೀರು ನಾಲ್ಕು ದಿನಕ್ಕೊಮ್ಮೆ ಟ್ಯಾಂಕರಿನಲ್ಲಿ ಬರುತ್ತದೆ. ಕುಷ್ಟಗಿಯಿಂದ ಇಲ್ಲಿಯವರೆಗೆ ಜೀಪಿನ ಕಿಟಕಿಯಲ್ಲಿ ಕಂಡದ್ದು ಒಂದೇ ಬಣ್ಣ, ಸುಟ್ಟ ರೊಟ್ಟಿಯದು. ಮೂವತ್ತು ಹೆಜ್ಜೆ ಉದ್ದ, ಇಪ್ಪತ್ತು ಹೆಜ್ಜೆ ಅಗಲದ ಈ ಹಿತ್ತಲಲ್ಲಿ ಬದನೆ, ಹೀರೆ, ಪುಂಡಿಪಲ್ಲೆ, ಸೌತೆ, ಪೇರಲ, ನುಗ್ಗೆ. ಮಲ್ಲಿಗೆ ಬಳ್ಳಿಯೊಂದು ಬಚ್ಚಲ ಕೋಣೆಯ ಮೇಲೆ ಹತ್ತಿ ಕುಳಿತಿತ್ತು. ಮೂಲೆಯಲ್ಲಿ ಒಂದು ಮಾವು, ಸುತ್ತಲ ಜಗತ್ತಿನ ಸಂಕಟಕ್ಕೆ ಸ್ವಲ್ಪವೂ ನಾಚದೆ, ಗೊಂಚಲು ಗೊಂಚಲಾಗಿ ಕಾಯಿ ಬಿಟ್ಟಿತ್ತು.

ಸಂಜೆ ಐದಕ್ಕೆ ಇದನ್ನೆಲ್ಲ ಬೇಯಿಸುವ ಗಾಡಿ ಹೊರಡುವುದು ಎಂದು ತೀರ್ಮಾನವಾಗಿತ್ತು. ಅದನ್ನು ನಾನು ಹುಲಿಗಿಗೆ ಇನ್ನೂ ಹೇಳಿರಲಿಲ್ಲ.

*

ಬೆಳಿಗ್ಗೆ ಏಳಕ್ಕೆ ನಾವು ಆರು ಜನ ನಿಯಂತ್ರಣ ಕೋಣೆಯಲ್ಲಿ ನಿಂತು ಗೋಡೆಯ ನಕ್ಷೆ ನೋಡುತ್ತಿದ್ದೆವು. ಕೃಷ್ಣೆಗೂ ತುಂಗಭದ್ರೆಗೂ ನಡುವಿನ ಒಣನೆಲ. ಅದರ ಮೇಲೆ ನೂರಾ ಹನ್ನೆರಡು ಪುಟ್ಟ ದೀಪಗಳು. ಒಂದೊಂದು ದೀಪ ಒಂದೊಂದು ಮನೆಯ ಹಿತ್ತಲು. ಒಂದೊಂದರಲ್ಲೂ ನಾವು ತೇವಜಾಲ ಬಿತ್ತಿ, ಮಣ್ಣಿನ ತೇವ ಅಳೆದು ದೀಪಕ್ಕೆ ತಿಳಿಸುವ ಒಂದು ಸೂಜಿ ನೆಟ್ಟಿದ್ದೆವು.

ತೇವಜಾಲ ಎಂದರೆ ಒಂದು ಜೀವಿಯಲ್ಲ, ಒಂದು ಸಂಸಾರ. ಶಿಲೀಂಧ್ರದ ಎಳೆಗಳು, ಅವುಗಳ ಮೇಲೆ ಅಂಟಿನಂಥ ಪೊರೆ ಕಟ್ಟುವ ಬ್ಯಾಕ್ಟೀರಿಯಾ. ಇರುಳು ಗಾಳಿಯಲ್ಲಿ ಇರುವ ಚೂರುಪಾರು ತೇವವನ್ನು ಅದು ಮಣ್ಣಿನ ಬಿರುಕುಗಳ ಮೂಲಕ ಹೀರಿ ಹಿಡಿದಿಡುತ್ತದೆ. ಹಗಲು ಬೇರುಗಳಿಗೆ ಹನಿಹನಿಯಾಗಿ ಬಿಡುತ್ತದೆ. ಬದಲಿಗೆ ಬೇರು ಅದಕ್ಕೆ ಸಕ್ಕರೆ ಕೊಡುತ್ತದೆ. ಬಾವಿ ಇಲ್ಲ, ಪಂಪಿಲ್ಲ, ತಂತಿಯಿಲ್ಲ. ಕಾಗದದ ಮೇಲೆ ಅದರಷ್ಟು ಚೆಂದದ ಸಂಗತಿ ಇನ್ನೊಂದಿರಲಿಲ್ಲ.

ನೆಲದ ಮೇಲೆ ಅದು ಸಾಯುತ್ತಿತ್ತು. ಇನ್ನೂರು ದಿನ, ಹೆಚ್ಚೆಂದರೆ ಇನ್ನೂರೈವತ್ತು. ಸತ್ತ ಕಡೆ ನಾವು ಶೀತಲ ಕೋಣೆಯಿಂದ ಅದೇ ಶುದ್ಧ ತಳಿಯನ್ನು ತಂದು ಮತ್ತೆ ಬಿತ್ತುತ್ತಿದ್ದೆವು. ಅದು ಇನ್ನೂ ಬೇಗ ಸಾಯುತ್ತಿತ್ತು. ಹೀಗೆ ಒಂದೊಂದಾಗಿ ದೀಪಗಳು ಆರಿದವು. ಈಗ ಉಳಿದದ್ದು ಹದಿನೇಳನೆಯದು ಒಂದೇ. ಬಿಳೇಕಲ್ಲಿನ ಹುಲಿಗೆಮ್ಮ, ನನ್ನ ಹಾಸ್ಟೆಲಿನ ಗೆಳತಿ. ನಾಲ್ಕು ವರ್ಷದಲ್ಲಿ ಅವಳ ದೀಪ ಒಮ್ಮೆಯೂ ಆರಿರಲಿಲ್ಲ.

ನಿರ್ದೇಶಕರಾದ ಚಿದಂಬರ ನಾವಡರು ಕನ್ನಡಕ ತೆಗೆದು ಒರೆಸಿಕೊಂಡರು. ಇಪ್ಪತ್ತೆರಡು ವರ್ಷ ಈ ತಳಿಯನ್ನು ಕಾಪಾಡಿದವರು ಅವರು. ಶೀತಲ ಕೋಣೆಗೆ ಹೋಗುವಾಗ ಚಪ್ಪಲಿಯ ಜೊತೆಗೆ ಉಂಗುರವನ್ನೂ ತೆಗೆದಿಡುತ್ತಿದ್ದರು.

"ಮೇಲಿನಿಂದ ಪತ್ರ ಬಂದಿದೆ. ಯೋಜನೆ ಮುಗಿಯಿತು. ಸತ್ತ ತೋಟಗಳ ಬಗ್ಗೆ ಯಾರಿಗೂ ಚಿಂತೆಯಿಲ್ಲ ಮೆಹರುನ್ನಿಸಾ, ಚಿಂತೆ ಬದುಕಿರುವುದರ ಬಗ್ಗೆ. ಪ್ರಯೋಗಾಲಯದಲ್ಲಿ ಮಾಡಿದ ಜೀವಿ, ಯಾಕೆ ಬದುಕಿದೆ ಎಂದು ಮಾಡಿದವರಿಗೇ ಗೊತ್ತಿಲ್ಲ. ಅಂಥದ್ದನ್ನು ಹೊರಗೆ ಬಿಡುವ ಹಾಗಿಲ್ಲ. ಸಂಜೆ ಐದಕ್ಕೆ ಆವಿ ಗಾಡಿ ಹೊರಡುತ್ತದೆ."

ಆವಿ ಗಾಡಿಯ ಕೊಳವೆಗಳು ಮೂರು ಅಡಿ ಆಳಕ್ಕೆ ಇಳಿದು ಮಣ್ಣಿಗೆ ಕುದಿವ ಆವಿ ತುಂಬುತ್ತವೆ. ಅದು ಹೋಗಿ ಬಂದ ಮೇಲೆ ಮಣ್ಣಿನಲ್ಲಿ ಎರೆಹುಳವೂ ಇರುವುದಿಲ್ಲ.

"ಕಾರಣ ಸಿಕ್ಕರೆ?" ಎಂದೆ.

"ಐದರ ಒಳಗೆ ಸಿಕ್ಕರೆ ನಾನೇ ಗಾಡಿಯ ಕೀಲಿಕೈ ಕಿಸೆಗೆ ಹಾಕಿಕೊಳ್ಳುತ್ತೇನೆ."

*

"ಉಣ್ಣು ಮೊದಲ. ಯಂತ್ರ ಆಮ್ಯಾಲ ನೋಡಾಕಂತಿ."

ಹುಲಿಗಿ ನನ್ನ ಮುಂದೆ ತಾಟು ಇಟ್ಟಳು. ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಪುಂಡಿಪಲ್ಲೆ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು. ನಾವು ಹಿತ್ತಲ ಬಾಗಿಲ ನೆರಳಲ್ಲಿ ಕುಳಿತಿದ್ದೆವು. ಅವಳ ಗಂಡ ಸಿಂಧನೂರು ಬಸ್ಸಿನ ಡ್ರೈವರು, ವಾರಕ್ಕೆ ಎರಡು ದಿನ ಮನೆಯಲ್ಲಿರುವವನು. ಇವತ್ತು ಮನೆಯಲ್ಲಿ ಅವಳು, ನಾನು, ಒಂದು ಕೋಳಿ.

ಎಡಗೈಯಲ್ಲಿ ನಾನು ವಂಶಸೂಚಿಯನ್ನು ಆನ್ ಮಾಡಿದೆ. ಅಂಗೈಯಗಲದ ಯಂತ್ರ. ಜೀವವಿರುವ ಒಂದು ಹನಿ ಕೊಟ್ಟರೆ ಹತ್ತು ನಿಮಿಷದಲ್ಲಿ ಆ ಜೀವಿಯ ವಂಶವನ್ನು ಓದಿ ಹೇಳುತ್ತದೆ. ಪರಟಿಯ ಮುದ್ದೆಯಿಂದ ಒಂದು ಚೂರು ಆಗಲೇ ಅದರ ಹೊಟ್ಟೆಯಲ್ಲಿತ್ತು.

ಎಡಗಡೆ, ಪಕ್ಕದ ಮನೆಯ ಹಿತ್ತಲಿಗೂ ಇದಕ್ಕೂ ನಡುವೆ, ಎದೆಯೆತ್ತರದ ಗೋಡೆ. ಅದರ ಮೇಲೆ ಏನೂ ಕಾಣದಂತೆ ಜೋಳದ ದಂಟಿನ ತಟ್ಟಿ ಕಟ್ಟಿದ್ದರು. ನಡುವೆ ಒಂದೇ ಕಡೆ, ಒಂದು ಗೇಣಿನಷ್ಟು, ಸಂದು. ಆ ಸಂದಿನಲ್ಲಿ ಖಾಲಿ ಪರಟಿಯೊಂದು ಬೋರಲಾಗಿ ಕುಳಿತಿತ್ತು.

ತಟ್ಟಿಯ ಆಚೆಯಿಂದ ಹೆಂಗಸಿನ ದನಿ ಬಂತು.

"ಏ ಆಡ, ನೋಡಿದೇನು? ಜೀಪಿನಾಗ ಬಂದೋರು ಎಣ್ಣೆಗಾಯಿ ಉಣ್ಣಾಕತ್ತಾರ. ಉಪ್ಪು ಸಾಲದಂತ ಹೇಳಾಕ ನಾಚಿಕಿ ಅವರಿಗೆ."

ಹುಲಿಗಿ ತಲೆ ಎತ್ತಲಿಲ್ಲ. ಕಾಲ ಬಳಿಯ ಕೋಳಿಗೆ ಹೇಳಿದಳು: "ಏ ಕೋಳಿ, ಉಪ್ಪು ಹೆಚ್ಚು ತಿಂದೋರ ನಾಲಿಗಿ ಹಂಗ ಉದ್ದ ಬೆಳೀತದಂತ. ನೀ ತಿನಬ್ಯಾಡ."

"ಯಾರಽ ಅಕಿ?" ಪಿಸುಗುಟ್ಟಿದೆ.

"ಮಲ್ಲವ್ವ. ಇದಽ ಕೋಳಿ ಎಂಟು ವರ್ಷದ ಹಿಂದ, ಇದರ ಅವ್ವ ಅನ್ನು, ಅಕಿ ಒಣಗಾಕ ಹಾಕಿದ ಸಂಡಿಗಿ ತಿಂತು. ಅವತ್ತಿಂದ ಮಾತಿಲ್ಲ. ಅಕಿ ಆಡಿನ ಜೋಡಿ ಮಾತಾಡ್ತಾಳ, ನಾ ಕೋಳಿ ಜೋಡಿ."

ನಗು ಬಂದು ರೊಟ್ಟಿ ಗಂಟಲಿಗೆ ಸಿಕ್ಕಿತು. ಅದೇ ಹೊತ್ತಿಗೆ ಯಂತ್ರ ಗುಂಯ್ ಎಂದಿತು. ನೋಡಿದೆ. ಕಣ್ಣು ಒರೆಸಿಕೊಂಡು ಮತ್ತೆ ನೋಡಿದೆ.

ಪರಟಿಯಲ್ಲಿದ್ದುದು ನಾನು ಕೊಟ್ಟದ್ದಲ್ಲ. ಅದರ ಮೊಮ್ಮಗಳೋ ಮರಿಮೊಮ್ಮಗಳೋ ಹೌದು. ಆದರೆ ನಡುವೆ ಎಲ್ಲೆಲ್ಲಿಯೋ ತಿರುಗಿ, ಯಾರ್ಯಾರದೋ ಮಣ್ಣಿನ ಬ್ಯಾಕ್ಟೀರಿಯಾಗಳನ್ನು ಜೊತೆಗೆ ಕಟ್ಟಿಕೊಂಡು ಬಂದದ್ದು. ನಾಲ್ಕು ವರ್ಷದ ಹಿಂದೆ ಈ ಹಿತ್ತಲ ಮಣ್ಣಿನಲ್ಲಿ ಇಲ್ಲದಿದ್ದ ಏಳು ಬಗೆಯವು ಅದರಲ್ಲಿದ್ದವು.

ತಾಟು ಪಕ್ಕಕ್ಕೆ ಸರಿಸಿದೆ. ಮೊದಲು ನನ್ನ ಸುಳ್ಳು ಒಪ್ಪಬೇಕೆನಿಸಿತು. ಆವಿ ಗಾಡಿಯ ವಿಷಯ ಹೇಳಿದೆ. ಐದು ಗಂಟೆಯ ವಿಷಯ. ಮೂರು ಅಡಿಯ ಕೊಳವೆಗಳ ವಿಷಯ.

ಹುಲಿಗಿಯ ಕೈಯಲ್ಲಿ ಮೊಸರಿನ ಸೌಟು ಹಾಗೇ ನಿಂತಿತು. ಮಾವಿನ ಗಿಡದ ಕಡೆ ಒಮ್ಮೆ ನೋಡಿದಳು.

"ಮಾವೂ?"

"ಎಲ್ಲಾ."

"ಮುಂಜಾನೆನ ಹೇಳಬೇಕಿತ್ತಿಲ್ಲೊ ನೀ."

"ಹೌದು. ಈಗ ನೀ ಹೇಳು. ಇದು ನಾ ಕೊಟ್ಟದ್ದಲ್ಲ. ಎಲ್ಲಿಂದ ಬಂತು?"

ಅವಳು ಸೌಟನ್ನು ಮೊಸರಿನ ಗಡಿಗೆಗೆ ಇಳಿಸಿದಳು. ಕೋಳಿ ನನ್ನ ತಾಟಿನ ಅಂಚಿಗೆ ಬಂದು ನಿಂತಿತು.

"ಸತ್ತಿತ್ತು ಮೆಹರು, ನೀ ಕೊಟ್ಟದ್ದು. ಮೊದಲನೇ ವರ್ಷನ, ಉಗಾದಿ ಮುಂದ. ಮುಂಜಾನೆ ಕೈ ಹಾಕಿದ್ರ ಮಣ್ಣು ಬೂದಿ ಆಗಿತ್ತು."

"ಸುಳ್ಳು. ದೀಪ ಆರಿದ್ದಽ ಇಲ್ಲ."

"ನಿಮ್ಮ ಸೂಜಿ ಬುಡಕ್ಕ ದಿನಾ ಎರಡು ಕೊಡ ನೀರು ಹಾಕಿದೆ. ಟ್ಯಾಂಕರಿನ ನೀರು, ಕುಡಿಯೂದು. ನಿನ್ನ ಗೆಳತಿ ಮನ್ಯಾಗೂ ಸತ್ತಿತು ಅಂದ್ರ ಅಲ್ಲಿ ಎಲ್ಲಾರ ಮುಂದ ನಿನ್ನ ಮುಖ ಹ್ಯಾಂಗ ಆಗ್ತಿತ್ತು? ನಾಲ್ಕು ದಿನ ಹಂಗ ಹಾಕಿದೆ. ಐದನೇ ದಿನ ಎದ್ದು ಬಂದ್ರ ಆ ಸಂದಿನಾಗ ಪರಟಿ ಇತ್ತು, ತುಂಬಿ. ಆ ಕಡಿಂದ ಮಲ್ಲವ್ವ ಆಡಿಗೆ ಹೇಳಾಕತ್ತಿದ್ಲು, ಒಣಗಿದ ಹಿತ್ತಲ ನೋಡಿ ನನ್ನ ಕಣ್ಣು ಉರೀತಾವ, ತೊಗೊಂಡು ಸಾಯಿ ಅಂತ ಹೇಳು ಅಂತ."

"ಮಲ್ಲವ್ವಗ ಎಲ್ಲಿಂದ ಬಂತು?"

"ಓಣಿ ತುದೀ ಮನಿ ಫಕೀರವ್ವ ಕೊಟ್ಟಿದ್ಲು. ಫಕೀರವ್ವಗ ನಾ ಕೊಟ್ಟಿದ್ದೆ, ನೀ ತಂದು ಹಾಕಿದ ಮುಂದಿನ ತಿಂಗಳನ."

"ಹುಲಿಗಿ, ನಾಲ್ಕನೇ ನಿಯಮ ಏನಿತ್ತು? ಹಿತ್ತಲ ಗಡಿ ದಾಟಿಸಬಾರದು. ನೀ ಸಹಿ ಮಾಡಿದ್ದಿ."

"ಮಾಡಿದ್ದೆ. ಆದ್ರ ಸಹಿ ಮಾಡೂಕಿಂತ ಮೊದಲ ನೀನ ಇಲ್ಲೇ ಕುಂತು ನನಗ ತಿಳಿಸಿ ಹೇಳಿದಿ. ಇದು ಏನಲೇ ಅಂತ ಕೇಳಿದ್ರ, ಮಣ್ಣಿಗೆ ಹೆಪ್ಪು ಇದ್ದಂಗ ಅಂದಿ. ಹಾಲಿಗೆ ಒಂದು ಚಮಚ ಹಾಕಿದ್ರ ಗಡಿಗಿ ತುಂಬ ಮೊಸರಾಗ್ತದ ನೋಡು, ಹಂಗ ಅಂದಿ. ಅಂದಿಲ್ಲೊ?"

ಅಂದಿದ್ದೆ. ಸುಲಭವಾಗಿ ತಿಳಿಯಲಿ ಎಂದು ಬಳಸಿದ ಒಂದು ಹೋಲಿಕೆ. ಬೇರೆ ಊರುಗಳಲ್ಲಿ ನಮ್ಮವರು ಪುಸ್ತಿಕೆ ಓದಿ ಹೇಳಿದ್ದರು. ಗೆಳತಿಯೆಂಬ ಸಲಿಗೆಯಲ್ಲಿ ನಾನು ಪುಸ್ತಿಕೆ ಮಡಚಿಟ್ಟಿದ್ದೆ.

"ಹೆಪ್ಪು ಅಂದಮ್ಯಾಲ," ಎಂದಳು ಹುಲಿಗಿ, "ಕೇಳಿದೋರಿಗೆ ಇಲ್ಲ ಅನ್ನಾಕ ಬರ್ತದೇನು? ಇವತ್ತು ನಮ್ಮ ಮನಿ ಮೊಸರು ಕೆಡ್ತದ, ನಾಳೆ ಅವರದು. ಕೊಟ್ಟಿದ್ರ ತಾನ ಇಸ್ಕೊಳ್ಳಾಕ ಬರೂದು? ಸಹಿ ತಗೊಂಡು ಗಡಿಗ್ಯಾಗ ಮುಚ್ಚಿಟ್ರ ಹುಳಿ ಬಂದು ಸಾಯ್ತದ."

"ಎಷ್ಟು ಸಲ ಸತ್ತೈತಿ ನಿಂದು?"

"ಮೂರು. ಮಲ್ಲವ್ವಂದು ಎರಡು, ಅವಾಗ ನಾ ಇಟ್ಟೆ ಸಂದಿನಾಗ. ತನ್ನದು ಗಟ್ಟಿ ಅಂತ ಅಕಿ ಆಡಿನ ಮುಂದ ಮೆರೀತಿರ್ತಾಳ."

ನಾನು ಎದ್ದೆ. ಕೈ ತೊಳೆಯುವುದನ್ನೂ ಮರೆತಿದ್ದೆ.

*

ಬಿಳೇಕಲ್ಲಿನ ಓಣಿಗಳಲ್ಲಿ ನಡೆದರೆ ಕಾಣುವುದು ಕಲ್ಲಿನ ಗೋಡೆ, ಮುಚ್ಚಿದ ಬಾಗಿಲು, ಧೂಳು. ನಾಲ್ಕು ವರ್ಷ ನಾನು ಅಷ್ಟನ್ನೇ ನೋಡಿ ಹೋಗಿದ್ದೆ. ಇವತ್ತು ಹುಲಿಗಿ ಒಂದೊಂದು ಮನೆಯ ಬಾಗಿಲು ತಟ್ಟಿ, ಒಳಗೆ ಕರೆದೊಯ್ದು, ಹಿಂದಿನ ಬಾಗಿಲು ತೆರೆಸಿದಳು.

ತೆರೆದಾಗೊಮ್ಮೆ ಹಸಿರು ಮುಖಕ್ಕೆ ಬಡಿಯಿತು.

ಫಕೀರವ್ವನ ಹಿತ್ತಲಲ್ಲಿ ಬಾಳೆ. ಬಾಳೆ! ಈ ಸೀಮೆಯಲ್ಲಿ! ಅದರ ಆಚೆಯ ಮನೆಯಲ್ಲಿ ಒಬ್ಬ ಮುದುಕ ಹಾಸಿಗೆಯನ್ನೇ ಹಿತ್ತಲಿಗೆ ತಂದು ಸೋರೆಕಾಯಿಗಳ ಕೆಳಗೆ ಮಲಗಿದ್ದ. ಮಸೀದಿಯ ಹಿಂದಿನ ಮನೆಯಲ್ಲಿ ಗುಲಾಬಿ, ನನ್ನ ಮುಷ್ಟಿಯಷ್ಟು ದಪ್ಪ. "ಹೆಪ್ಪು ನೋಡಾಕ ಬಂದಾರ" ಎಂದು ಹುಲಿಗಿ ಹೇಳಿದರೆ ಸಾಕು, ಯಾರೂ ಏನೂ ಕೇಳುತ್ತಿರಲಿಲ್ಲ. ಚಹಾ ಕೊಡುತ್ತಿದ್ದರು. ಎರಡು ಗಂಟೆಯೊಳಗೆ ನಾನು ಹನ್ನೊಂದು ಹಿತ್ತಲಿನ ಹನಿ ಯಂತ್ರಕ್ಕೆ ಕೊಟ್ಟೆ, ಒಂಬತ್ತು ಲೋಟ ಚಹಾ ಕುಡಿದೆ.

ಹನ್ನೊಂದೂ ಬೇರೆ ಬೇರೆ. ಒಂದೇ ಅಜ್ಜಿಯ ಮಕ್ಕಳು, ಒಂದೇ ಮುಖದವರಲ್ಲ.

ಓಣಿಯ ಕಟ್ಟೆಯ ಮೇಲೆ ಕುಳಿತೆ. ತಲೆಯೊಳಗೆ ಯಾರೋ ಬಾಗಿಲಾದ ಮೇಲೆ ಬಾಗಿಲು ತೆರೆದ ಹಾಗಿತ್ತು. ಬ್ಯಾಕ್ಟೀರಿಯಾಗಳನ್ನೇ ತಿನ್ನುವ ವೈರಸ್ಸುಗಳಿವೆ. ಮಣ್ಣಿನ ತುಂಬ ಇವೆ. ಅವಕ್ಕೆ ಒಂದೊಂದು ಬಗೆಯ ಬ್ಯಾಕ್ಟೀರಿಯಾ ಒಂದೊಂದು ಬೀಗ ಎಂದು ನಾವಡರೇ ನಮಗೆ ಹೇಳಿಕೊಟ್ಟಿದ್ದರು. ನಾವು ನೂರಾ ಹನ್ನೆರಡು ಬಾಗಿಲಿಗೂ ಒಂದೇ ಬೀಗ ಹಾಕಿ ಅದನ್ನು ಶುದ್ಧತೆ ಎಂದು ಕರೆದಿದ್ದೆವು. ವೈರಸ್ಸಿಗೆ ಒಂದು ಕೀಲಿಕೈ ಸಿಕ್ಕಿದ್ದೇ ತಡ, ಎಲ್ಲ ಮನೆಯೂ ಹೋಯಿತು. ಬೀಗ ಒಡೆದಲ್ಲಿ ಮತ್ತೆ ಅದೇ ಬೀಗ ತಂದು ಹಾಕಿದೆವು. ಇಲ್ಲಿ ಮನೆಮನೆಗೂ ಬೀಗ ಬೇರೆ. ಒಂದು ಹಿತ್ತಲು ಸತ್ತರೆ, ಆ ಕೀಲಿಕೈಗೆ ಸಿಗದ ಇನ್ನೊಂದು ಪಕ್ಕದ ಗೋಡೆಯ ಮೇಲೆ ಪರಟಿಯಲ್ಲಿ ಬಂದು ಕೂರುತ್ತದೆ.

ಕಾರಣ ಸಿಕ್ಕಿತ್ತು. ಹೇಳುವ ಹಾಗಿರಲಿಲ್ಲ.

ಹುಲಿಗಿ ನನಗಿಂತ ಮೊದಲೇ ಅದನ್ನು ಕಂಡಿದ್ದಳು. "ನೀ ಹೇಳಿದ್ರ ಗಾಡಿ ನನ್ನ ಹಿತ್ತಲಕ್ಕ ಅಷ್ಟ ಬರೂದಿಲ್ಲ," ಎಂದಳು. "ಎಲ್ಲಾರ ಮನಿಗೂ ಬರ್ತದ. ಹೇಳದಿದ್ರ ನನ್ನದು ಒಂದಽ ಹೋಗ್ತದ." ಸ್ವಲ್ಪ ತಡೆದು ಅಂದಳು: "ಹೇಳಬ್ಯಾಡ ಬಿಡು. ಮಾವು ಮತ್ತ ಹಚ್ಚಿದ್ರಾತು."

ಗಂಟೆ ಎರಡು ಇಪ್ಪತ್ತು. ಕಿವಿಯಲ್ಲಿ ತಿಪ್ಪೇಸ್ವಾಮಿಯವರು ಕೆಮ್ಮಿದರು. "ಮೇಡಂ, ಬದುಕಿದೀರಾ?"

ಆಗ ನನಗೆ ಹೊಳೆಯಿತು. ಸೂಜಿಗಳಲ್ಲದೆ ನಮಗೊಂದು ಉಪಗ್ರಹದ ಕಣ್ಣೂ ಇತ್ತು; ಅದು ನಾವು ಗುರುತು ಹಾಕಿದ ನೂರಾ ಹನ್ನೆರಡು ಚೌಕಗಳನ್ನು ಮಾತ್ರ ನೋಡುತ್ತಿತ್ತು. ಚೌಕದ ಆಚೆ ನೋಡು ಎಂದು ಯಾರೂ ಅದಕ್ಕೆ ಹೇಳಿರಲಿಲ್ಲ. ಪರಟಿ ಈ ಊರನ್ನೂ ದಾಟಿ ಹೋಗಿದ್ದರೆ, ಅಷ್ಟನ್ನೂ ಬೇಯಿಸುವುದು ಯಾವ ಗಾಡಿಯಿಂದಲೂ ಆಗದು.

"ತಿಪ್ಪೇಸ್ವಾಮಿಯವರೆ, ಗಡಿ ತೆಗೆದುಬಿಡಿ. ಮಣ್ಣಿನ ತೇವದ ನಕ್ಷೆ, ಪೂರ್ತಿ ಸೀಮೆಯದು, ಗೋಡೆಯ ಮೇಲೆ ಹಾಕಿ."

"ನಾವಡ ಸರ್ ಇಲ್ಲೇ ನಿಂತವ್ರೆ ಮೇಡಂ."

"ಅವರೂ ನೋಡಲಿ."

ಗುಂಡಿಗಳು ಒತ್ತಿದ ಸದ್ದು. ನಾನು ಹುಲಿಗಿಗೂ ಕೇಳಲೆಂದು ದನಿಯನ್ನು ಫೋನಿಗೆ ಹಾಕಿದೆ.

"ಮೇಡಂ," ತಿಪ್ಪೇಸ್ವಾಮಿಯವರ ದನಿ ತೆಳ್ಳಗಾಗಿತ್ತು. "ನಿಮ್ಮೂರು ಪೂರ್ತಿ ಉರೀತಾ ಐತೆ. ಹಸಿರಾಗಿ. ನೂರು ಮನೆ, ಇನ್ನೂ ಜಾಸ್ತಿ. ತಡೀರಿ. ಅದೊಂದೇ ಅಲ್ಲ. ಹನುಮಸಾಗರದ ಕಡೆ ಒಂದು ಗುಂಪು."

"ಹನುಮಸಾಗರಕ್ಕ ಫಕೀರವ್ವನ ಹಿರೇ ಮಗಳನ್ನ ಕೊಟ್ಟಾರ," ಎಂದಳು ಹುಲಿಗಿ ಮೆಲ್ಲಗೆ.

"ತಾವರಗೇರಾ ಹತ್ರ ಇನ್ನೊಂದು."

"ಅಕಿ ತಂಗಿ."

"ಮುದಗಲ್ಲು. ಅಲ್ಲಿ ಎರಡು ಕಡೆ."

"ಮಲ್ಲವ್ವನ ನಾದಿನಿ. ಇನ್ನೊಂದು ಮಸೂತಿ ಮನಿ ಶಾಹೀನಾ. ಬಾಣಂತನ ಮುಗಿಸ್ಕೊಂಡು ಹೋಗೂ ಮುಂದ ಪರಟಿ ಒಯ್ದಾಳ."

"ಕನಕಗಿರಿ."

"ನನ್ನ ತವರು!"

ತಿಪ್ಪೇಸ್ವಾಮಿಯವರು ಊರು ಹೇಳುತ್ತ ಹೋದರು. ಹುಲಿಗಿ ಹೆಣ್ಣುಮಗಳ ಹೆಸರು ಹೇಳುತ್ತ ಹೋದಳು. ಎಲ್ಲಿಗೆ ಮಗಳನ್ನು ಕೊಟ್ಟಿದ್ದರೋ, ಎಲ್ಲಿಂದ ಸೊಸೆ ತಂದಿದ್ದರೋ, ಅಲ್ಲೆಲ್ಲ ನೆಲ ಹಸಿಯಾಗಿತ್ತು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕಟ್ಟೆಯ ಸುತ್ತ ನಿಂತರು. ಹುಲಿಗಿ ತಡವರಿಸಿದಲ್ಲಿ ಅವರು ಹೆಸರು ಕೊಟ್ಟರು. ಒಂದು ಊರಿಗೆ ಮೂರು ಮನೆಯವರು ಜಗಳಕ್ಕೆ ಬಿದ್ದರು: ಅದು ನಮ್ಮ ಹುಡುಗಿ ಒಯ್ದದ್ದು, ಅಲ್ಲ, ನಮ್ಮಾಕಿ. ನಲವತ್ತಾರು ಊರು. ಎಣಿಸುವುದನ್ನು ತಿಪ್ಪೇಸ್ವಾಮಿಯವರು ನಿಲ್ಲಿಸಿದರು. ಅವರು ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ.

ಹುಲಿಗಿ ಫೋನು ನನ್ನ ಕೈಯಿಂದ ತೆಗೆದುಕೊಂಡಳು.

"ಸಾಹೇಬ್ರ, ನಮಸ್ಕಾರ. ನಾನ್ರಿ ಹದಿನೇಳನೇ ನಂಬರಿನ ಹುಲಿಗೆಮ್ಮ. ನಾಲ್ಕನೇ ನಿಯಮ ಮುರದಾಕಿ. ಗಾಡಿ ಕಳಸ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಯಾರ ಮನಿಯಿಂದ ಚಾಲೂ ಮಾಡ್ತೀರಿ, ಅದಷ್ಟು ಹೇಳ್ರಿ. ಚಹಾ ಇಡಾಕ ಹೇಳ್ತೀನಿ."

ಬೆಟ್ಟದ ಮೇಲಿಂದ ನಾವಡರ ದನಿ ಬಂತು, ನನ್ನನ್ನು ಕರೆದು.

"ಬೇರೆ ಬೇರೆ ಬೀಗ, ಅಲ್ಲವೇ ಮೆಹರುನ್ನಿಸಾ?"

"ಹೌದು ಸರ್. ಮನೆಗೊಂದು."

"ಅಯ್ಯೋ," ಎಂದರು ಅವರು. "ಅಯ್ಯೋ. ಇಪ್ಪತ್ತೆರಡು ವರ್ಷ." ಕುರ್ಚಿ ಸರಿದ ಸದ್ದು. "ಗಾಡಿಯ ಕೀಲಿಕೈ ನನ್ನ ಕಿಸೆಯಲ್ಲಿದೆ. ನಾನೇ ಬರುತ್ತೇನೆ."

ಓಣಿಯಲ್ಲಿ ಕೂಗು ಎದ್ದಿತು. ಫಕೀರವ್ವ ನನ್ನ ಎರಡೂ ಗಲ್ಲ ಹಿಡಿದು ದೃಷ್ಟಿ ತೆಗೆದು ಬೆರಳು ಮುರಿದಳು. ಹತ್ತೂ ಬೆರಳು ಲಟಲಟ ಅಂದವು.

*

ನಾವಡರ ಜೀಪು ಬಂದಾಗ ನಾಲ್ಕೂವರೆ. ಅವರು ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ಉಂಗುರ ತೆಗೆಯಲು ಹೋದವರು, ಸುತ್ತ ನೋಡಿ, ನಗುತ್ತ ಹಾಗೇ ಬಿಟ್ಟರು. ಹಿತ್ತಲಿಗೆ ಬಂದು ಮಾವಿನ ಕೆಳಗೆ ನಿಂತರು. ಹುಲಿಗಿ ಕೊಟ್ಟ ಪೇರಲ ಹಣ್ಣನ್ನು ಬೀಜ ಸಮೇತ ತಿಂದರು. ನನ್ನ ಹಾಗೆಯೇ ಬೋರಲು ಮಲಗಿ ಬದನೆಯ ಬುಡಕ್ಕೆ ಕೈಯಿಟ್ಟರು. ಎಪ್ಪತ್ತರ ಹತ್ತಿರದ ಮನುಷ್ಯ. ಎಳೆಗಳು ಬೆರಳಿಗೆ ಸುತ್ತಿದಾಗ ಕಣ್ಣು ಮುಚ್ಚಿಕೊಂಡರು.

ಎದ್ದು ಕುಳಿತ ಮೇಲೆ ಅವರ ದನಿ ಮತ್ತೆ ನಿರ್ದೇಶಕರ ದನಿಯಾಯಿತು. ಕೆಟ್ಟ ದನಿಯಲ್ಲ. ಕಳೆದುಹೋದದ್ದು ಸಿಕ್ಕಿದವನ ಅವಸರದ ದನಿ.

"ಹುಲಿಗೆಮ್ಮನವರೆ, ಇನ್ನು ಯಾವ ಗಾಡಿಯೂ ಇಲ್ಲಿಗೆ ಬರುವುದಿಲ್ಲ. ಅದನ್ನು ಕಾಗದದ ಮೇಲೆ ಬರೆಸಿ ತರುತ್ತೇನೆ. ಇದನ್ನು ಮೂಲತೋಟ ಎಂದು ಘೋಷಿಸೋಣ. ನಾಲ್ಕೂ ಕಡೆ ತಂತಿ ಬೇಲಿ, ಒಬ್ಬ ಕಾವಲುಗಾರ. ಬಾಗಿಲಲ್ಲಿ ನಿಮ್ಮ ಹೆಸರಿನ ಕಲ್ಲು. ಇದರ ಒಂದು ಭಾಗವನ್ನು ಶೀತಲ ಕೋಣೆಯಲ್ಲಿ ಭದ್ರವಾಗಿಡುತ್ತೇವೆ. ಇದರ ಒಡತಿ ನೀವೇ. ಯಾರಿಗೆ ಬೇಕೋ ಅವರು ಕೇಂದ್ರಕ್ಕೆ ಅರ್ಜಿ ಕೊಡಲಿ, ನಾವೇ ತಲುಪಿಸುತ್ತೇವೆ. ಕೈಯಿಂದ ಕೈಗೆ ಹೋಗುವುದು ಮಾತ್ರ ಇವತ್ತಿಗೆ ನಿಲ್ಲಲಿ. ಇಷ್ಟು ವರ್ಷದ ಮೇಲೆ ಸಿಕ್ಕಿದೆ. ಕಳೆದುಕೊಳ್ಳಬಾರದು."

ಹುಲಿಗಿ ಮಾವಿನ ಗಿಡವನ್ನು ನೋಡಿದಳು. ಒಂದು ಕಾಗದ. ಒಂದು ಸಹಿ. ಈ ಗಿಡವನ್ನು ಇನ್ನು ಯಾರೂ ಮುಟ್ಟುವ ಹಾಗಿಲ್ಲ. ಬೇಡ ಎಂದರೆ ಮೇಲಿನಿಂದ ಇನ್ನೊಂದು ಪತ್ರ ಯಾವತ್ತು ಬರುತ್ತದೋ ಯಾರಿಗೂ ಗೊತ್ತಿಲ್ಲ. ಅವಳು ನನ್ನ ಕಡೆ ತಿರುಗಿದಳು. ನಾಲ್ಕು ವರ್ಷದ ಹಿಂದೆ ನಾನು ಹೇಳಿದ್ದೇ ಸಾಕಾಗಿತ್ತು.

ತಟ್ಟಿಯ ಆಚೆ ಯಾರೋ ಗಂಟಲು ಸರಿಮಾಡಿಕೊಂಡರು.

"ಏ ಆಡ, ಕೇಳಿದೇನು? ನಾಳಿಂದ ಗೋಡಿ ಮ್ಯಾಲ ತಂತಿ ಬರ್ತದಂತ. ಕಲ್ಲಿನ ಮ್ಯಾಲ ಮಹಾರಾಣಿಯವರ ಹೆಸರು ಕೊರೀತಾರಂತ. ಸಂದು ಮುಚ್ಚತಾರಂತ."

ಆಡು ಬ್ಯಾ ಎಂದಿತು. ಕೋಳಿ ಹುಲಿಗಿಯ ಕಾಲ ಬಳಿಯೇ ಇತ್ತು. ಹುಲಿಗಿ ಅದನ್ನು ನೋಡಲಿಲ್ಲ. ಬೆಳಿಗ್ಗೆ ನಾನು ತುಂಬಿಸಿದ್ದ ಪರಟಿಯನ್ನು ಎತ್ತಿಕೊಂಡು ಗೋಡೆಯವರೆಗೆ ನಡೆದಳು. ಸಂದಿನಲ್ಲಿ ಅದನ್ನು ಇಟ್ಟಳು. ಆಮೇಲೆ, ಎಂಟು ವರ್ಷದಲ್ಲಿ ಮೊದಲ ಸಲ, ಸಂದಿನೊಳಗೆ ಮುಖವಿಟ್ಟು ನೇರವಾಗಿ ಅಂದಳು:

"ಮಲ್ಲವ್ವಾ, ಹಿಡಿ. ಇದು ಈ ಸಲದ ಹೆಪ್ಪು."

ಬಳೆ ತುಂಬಿದ ಒಂದು ಕೈ ಬಂದು ಪರಟಿಯನ್ನು ಆಚೆಗೆ ಎಳೆದುಕೊಂಡಿತು.

ಹುಲಿಗಿ ತಿರುಗಿ ನಾವಡರನ್ನು ನೋಡಿದಳು.

"ಒಲ್ಲೆ," ಅಂದಳು.